ದುಭಾಷಿ ಹೇಳಿದ ಅರ್ಥ

ಶಿಷ್ಯ ಕೇಳಿದ: "ಗುರುಗಳೇ, ಒಂದೇ ಮಾತಿಗೆ ಹಲವು ಅರ್ಥಗಳಿರುತ್ತವೆ. ಕೇಳಿದವನು ಅದರಲ್ಲಿ ಒಂದನ್ನು ಹಿಡಿದು ನಡೆದು, ಅದರಿಂದ ಕೇಡಾದರೆ, ದೋಷ ಮಾತಿನದೋ ಮನುಷ್ಯನದೋ?"

ಗುರುಗಳು, "ಇಂಗ್ಲಿಷಿನಲ್ಲಿ ಫಾಸ್ಟ್ ಎಂಬ ಮಾತಿದೆ. ಅದರ ಅರ್ಥ ಗೊತ್ತೇ?" ಎಂದರು.

"ಗೊತ್ತು. ಬೇಗ ಎಂದು."

"ಒಬ್ಬ ದುಭಾಷಿಯೂ ಹಾಗೆಯೇ ತಿಳಿದಿದ್ದ," ಎಂದು ಗುರುಗಳು ಕತೆ ಹೇಳಿದರು.

ಕಂಪನಿ ಸರ್ಕಾರದ ಕಾಲ. ಒಂದು ದೊಡ್ಡ ನದಿಗೆ ಕಲ್ಲಿನ ಸೇತುವೆ ಕಟ್ಟುತ್ತಿದ್ದರು. ಕಟ್ಟಿಸುತ್ತಿದ್ದವನು ಒಬ್ಬ ಇಂಗ್ಲಿಷ್ ದೊರೆ. ಕಲ್ಲು ಹೊರುತ್ತಿದ್ದವರು ನದಿಯಾಚೆಯ ಊರುಗಳ ಜನ. ದೊರೆಗೆ ಕನ್ನಡ ಬರುತ್ತಿರಲಿಲ್ಲ. ಜನಕ್ಕೆ ಇಂಗ್ಲಿಷ್ ಬರುತ್ತಿರಲಿಲ್ಲ. ನಡುವೆ ಒಬ್ಬ ದುಭಾಷಿ ಇದ್ದ.

ದುಭಾಷಿ ಪಂಚಾಂಗ ಹೇಳುವವರ ಮನೆಯವನು. ಚಿಕ್ಕಂದಿನಲ್ಲೇ ಕಡಲ ತೀರದ ಪಟ್ಟಣಕ್ಕೆ ಹೋಗಿ, ಒಬ್ಬ ಪಾದ್ರಿಯ ಬಳಿ ಇಂಗ್ಲಿಷ್ ಕಲಿತು ಬಂದಿದ್ದ. ಪಾದ್ರಿ ಕಲಿಸಿದ್ದು ಪುಸ್ತಕದ ಇಂಗ್ಲಿಷು. ಕುದುರೆ ಫಾಸ್ಟಾಗಿ ಓಡುತ್ತದೆ, ಆಮೆ ಫಾಸ್ಟಾಗಿ ಓಡುವುದಿಲ್ಲ ಎಂಬ ವಾಕ್ಯಗಳನ್ನು ಅವನು ಬಾಯಿಪಾಠ ಮಾಡಿದ್ದ. ದೊರೆಯದು ಬೇರೆ ಇಂಗ್ಲಿಷು. ಅವನು ಹಡಗುಗಳ ಮೇಲೆ ಬೆಳೆದವನು. ಹಗ್ಗ, ಗೂಟ, ಗಾಳಿ, ಲಂಗರು ಇವುಗಳ ನಡುವೆ ಹುಟ್ಟಿದ ಮಾತುಗಳು ಅವನ ಬಾಯಲ್ಲಿ ಇರುತ್ತಿದ್ದವು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ದುಭಾಷಿ ಒಂದು ಮಾತು ತಿಳಿಯದೆ, ಇನ್ನೊಮ್ಮೆ ಹೇಳಿ ಎಂದು ದೊರೆಯನ್ನು ಕೇಳಿದ. ಅವತ್ತು ಕಂಬದ ಕಲ್ಲು ಒಡೆದು ದೊರೆಯ ತಲೆ ಬಿಸಿಯಾಗಿತ್ತು. "ನಿನಗೆ ಇಂಗ್ಲಿಷ್ ಬರುತ್ತದೆಯೋ ಇಲ್ಲವೋ?" ಎಂದು ಎಲ್ಲರೆದುರು ರೇಗಿದ. ಕೂಲಿಯವರಿಗೆ ಮಾತು ತಿಳಿಯಲಿಲ್ಲ, ಧಾಟಿ ತಿಳಿಯಿತು. ಅವರು ನಕ್ಕರು. ಆ ನಗು ದುಭಾಷಿಯ ಮನಸ್ಸಿನಲ್ಲಿ ಮುಳ್ಳಿನ ಹಾಗೆ ಉಳಿಯಿತು. ಅಲ್ಲಿಂದ ಮುಂದೆ ಅವನು ಯಾವ ಮಾತನ್ನೂ ಎರಡನೆಯ ಸಲ ಕೇಳಲಿಲ್ಲ. ತಿಳಿಯದ ಜಾಗವನ್ನು ದೊರೆಯ ಮುಖ ನೋಡಿ, ಸಂದರ್ಭ ನೋಡಿ ತುಂಬಿಕೊಳ್ಳುತ್ತಿದ್ದ. ಜಾಣನಾಗಿದ್ದುದರಿಂದ ಬಹಳ ಸಲ ಅದು ಸರಿಯಾಗಿಯೇ ಇರುತ್ತಿತ್ತು. ದುಭಾಷಿ ರಾಯರು ದೊರೆಯ ತುಟಿ ಅಲುಗುವುದರೊಳಗೆ ಅರ್ಥ ಹೇಳುತ್ತಾರೆ ಎಂದು ಜನ ಮಾತಾಡಿಕೊಂಡರು. ಅವನಿಗೂ ಆ ಹೆಸರು ಹಿತವಾಗಿತ್ತು.

ಕೂಲಿಯವರನ್ನು ಬೆಳಿಗ್ಗೆ ಈಚೆ ದಡಕ್ಕೆ ತರುವುದು, ಸಂಜೆ ಆಚೆ ದಡಕ್ಕೆ ಬಿಡುವುದು ಒಬ್ಬ ಅಂಬಿಗನ ಕೆಲಸ. ಅವನ ಹೆಸರು ಹುಲಿಗೆಪ್ಪ. ಬಾಯಿ ತುಂಬ ಮಾತಾಡುವ ಮನುಷ್ಯ. ದೋಣಿ ನಡೆಸುವಷ್ಟು ಹೊತ್ತೂ ಯಾರನ್ನಾದರೂ ನಗಿಸುತ್ತಿದ್ದ. ಅವನ ತಂಗಿಯೂ ಸುಣ್ಣ ಅರೆಯುವ ಕೆಲಸಕ್ಕೆ ಅದೇ ದೋಣಿಯಲ್ಲಿ ಬರುತ್ತಿದ್ದಳು.

ಒಂದು ಸಂಜೆ ಕೆಲಸ ಬಿಡುವ ಹೊತ್ತಿಗೆ ನದಿಯ ಬಣ್ಣ ಬದಲಾಯಿತು. ಇಲ್ಲಿ ಬಿಸಿಲಿತ್ತು. ಮೇಲೆ ಎಲ್ಲೋ ದೊಡ್ಡ ಮಳೆಯಾಗಿತ್ತು. ನೀರು ಕೆಂಪಾಗಿ, ನೊರೆ ಕಟ್ಟಿಕೊಂಡು ಬರತೊಡಗಿತು. ಜನ ಆಗಲೇ ದೋಣಿ ಹತ್ತಿ ಕೂತಿದ್ದರು. ಆಚೆ ದಡದಲ್ಲಿ ಅವರ ಮಕ್ಕಳಿದ್ದರು, ಕರೆಯುವ ದನಗಳಿದ್ದವು. ಅಂಬಿಗ ಹಗ್ಗವನ್ನು ದಡದ ಗೂಟಕ್ಕೆ ಒಂದು ಸುತ್ತು ಹಾಕಿ, ಬಿಡುವುದೋ ಬೇಡವೋ ಎಂದು ನೀರನ್ನೇ ನೋಡುತ್ತ ನಿಂತಿದ್ದ.

ದೊರೆ ಅರ್ಧ ಕಟ್ಟಿದ ಸೇತುವೆಯ ಮೇಲಿದ್ದ. ಅಲ್ಲಿಂದ ಅವನಿಗೆ ನದಿ ದೂರದವರೆಗೆ ಕಾಣುತ್ತಿತ್ತು. ಅವನು ಎರಡೂ ಕೈಗಳನ್ನು ಬಾಯಿಗೆ ಹಿಡಿದು ಕೂಗಿದ. ನಡುದಾರಿಯಲ್ಲಿ ನಿಂತಿದ್ದ ದುಭಾಷಿಗೆ ಮೂರು ಮಾತು ಕೇಳಿಸಿತು. ದೋಣಿ. ಮಾಡು. ಫಾಸ್ಟ್.

ದುಭಾಷಿ ಅಂಬಿಗನ ಕಡೆ ತಿರುಗಿ, "ದೋಣಿ ಲಗೂನ ಬಿಡಬೇಕಂತ!" ಎಂದು ಕೂಗಿದ.

ಅಂಬಿಗ ಹಗ್ಗ ಬಿಚ್ಚಲಿಲ್ಲ. "ನೀರು ಏರಾಕತ್ತೈತಿ ರಾಯರ. ಕೊಂಬಿ, ಬೊಡ್ಡಿ ತೇಲಿ ಬರಾಕತ್ತಾವ. ದೊರಿ ಏನಂದ್ರು, ಇನ್ನೊಂದ್ಸಲ ಕೇಳ್ರಿ," ಎಂದ.

ದುಭಾಷಿಗೂ ಒಳಗೆ ಏನೋ ಚುಚ್ಚಿತು. ದೋಣಿಯನ್ನು ಬೇಗ ಮಾಡು ಎಂದರೆ ಅದೆಂಥ ಮಾತು? ಪಾದ್ರಿ ಹಾಗೆ ಯಾವತ್ತೂ ಹೇಳಿಕೊಟ್ಟಿರಲಿಲ್ಲ. ಅವನು ಸೇತುವೆಯ ಕಡೆ ನೋಡಿದ. ದೊರೆ ಜೋರಾಗಿ ಕೈ ಬೀಸುತ್ತಿದ್ದ. ಅವಸರ ಮಾಡುತ್ತಿರುವ ಹಾಗೆಯೇ ಕಾಣುತ್ತಿತ್ತು. ಸೇತುವೆಯ ಬುಡದವರೆಗೆ ಓಡಿಹೋದರೆ ಕೇಳಿ ಬರಬಹುದಿತ್ತು. ಆದರೆ ದೋಣಿಯ ತುಂಬ ಜನ ಅವನ ಮುಖವನ್ನೇ ನೋಡುತ್ತಿದ್ದರು. ಅವತ್ತು ನಕ್ಕಿದ್ದವರೂ ಅವರೇ.

"ಕೇಳೋದೇನದ? ಬಿಡು ಅಂದ್ರ ಬಿಡು," ಎಂದ.

ಅಂಬಿಗ ಹಗ್ಗ ಬಿಚ್ಚಿದ.

ದೋಣಿ ನಡುನೀರಿಗೆ ಹೋಗುವವರೆಗೆ ಚೆನ್ನಾಗಿಯೇ ಹೋಯಿತು. ಆಮೇಲೆ ಬೇರು ಸಮೇತ ಕಿತ್ತು ಬಂದ ಒಂದು ಮರ ಅದರ ಪಕ್ಕೆಗೆ ಬಡಿಯಿತು. ದೋಣಿ ಮಗುಚಿತು. ದಡದ ಮೇಲಿದ್ದವರಿಗೆ ಕೂಗು ಕೇಳಿಸಿತು, ಹೆಚ್ಚು ಹೊತ್ತು ಕೇಳಿಸಲಿಲ್ಲ. ಅಂಬಿಗ ಈಜಿ ಒಬ್ಬ ಮುದುಕನನ್ನು ದಡಕ್ಕೆ ಹಾಕಿ ಮತ್ತೆ ಹೋದ. ಒಬ್ಬ ಬಸುರಿಯನ್ನು ತಂದು ಹಾಕಿ ಮತ್ತೆ ಹೋದ. ಮೂರನೆಯ ಸಲ ಬರಿಗೈಯಲ್ಲಿ ಬಂದ. ತಂಗಿಯ ಹೆಣ ಮರುದಿನ ಕೆಳಗಿನ ಮಡುವಿನಲ್ಲಿ ಸಿಕ್ಕಿತು. ಬದುಕಿದವರು ಬೆರಳೆಣಿಕೆಯಷ್ಟು ಮಂದಿ.

ಸತ್ತವರ ಕರ್ಮಗಳೆಲ್ಲ ಮುಗಿದ ಮೇಲೆ ವಿಚಾರಣೆಗೆ ಇನ್ನೊಬ್ಬ ದೊರೆ ಬಂದ. ನ್ಯಾಯ ನೋಡುವ ದೊರೆ. ನದಿಯ ದಡದಲ್ಲಿ ಡೇರೆ ಹಾಕಿದರು. ಆ ಸುತ್ತಿನಲ್ಲಿ ಎರಡೂ ಭಾಷೆ ಬಲ್ಲವನು ಒಬ್ಬನೇ ಇದ್ದುದರಿಂದ ದುಭಾಷಿಯನ್ನೇ ನಡುವೆ ನಿಲ್ಲಿಸಿದರು.

ಮೊದಲು ಸೇತುವೆಯ ದೊರೆ ಮಾತಾಡಿದ. ತಾನು ನೀರು ಏರುವುದನ್ನು ಕಂಡೆ, ದೋಣಿಯನ್ನು ಫಾಸ್ಟ್ ಮಾಡಲು ಕೂಗಿ ಹೇಳಿದೆ, ಅಂಬಿಗ ಕಿವಿಗೆ ಹಾಕಿಕೊಳ್ಳದೆ ಬಿಟ್ಟುಬಿಟ್ಟ ಎಂದ. ಹೇಳುತ್ತ ಹೇಳುತ್ತ ಸಿಟ್ಟಿನಿಂದ ಎದ್ದು, ಸಡಿಲವಾಗಿದ್ದ ಡೇರೆಯ ಹಗ್ಗವನ್ನು ಎಳೆದು ಗೂಟಕ್ಕೆ ಬಿಗಿದು ಕಟ್ಟಿದ. ಕಟ್ಟಿದ ಗಂಟನ್ನು ಎರಡು ಸಲ ಜಗ್ಗಿ ತೋರಿಸಿದ. "ಫಾಸ್ಟ್," ಎಂದ.

ದುಭಾಷಿ ಆ ಗಂಟನ್ನು ನೋಡಿದ. ಅಲುಗದ ಹಾಗೆ ಕಟ್ಟುವುದು. ಆ ಮಾತಿನ ಮೂಲ ಅರ್ಥವೇ ಅದು, ಬೇಗ ಎಂಬುದು ಆಮೇಲೆ ಬಂದದ್ದು ಎಂಬುದು ಅವನಿಗೆ ಆ ದಿನ ಗೊತ್ತಿರಲಿಲ್ಲ. ಕಟ್ಟು ಎಂದದ್ದನ್ನು ತಾನು ಬಿಡು ಎಂದೆ ಎಂಬುದು ಮಾತ್ರ ಗೊತ್ತಾಯಿತು. ನೀರು ತರಿಸಿಕೊಂಡು ಕುಡಿದ. ಬಿಸಿಲು ಜಾಸ್ತಿಯಾಯಿತು ಎಂದು ಯಾರೋ ಅಂದರು.

ನ್ಯಾಯ ನೋಡುವ ದೊರೆ ಅವನ ಕಡೆ ತಿರುಗಿ, ದೋಣಿ ಕಟ್ಟು ಎಂಬ ಆಜ್ಞೆ ಕೇಳಿಸಿತೋ ಇಲ್ಲವೋ ಎಂದು ಅಂಬಿಗನನ್ನು ಕೇಳಲು ಹೇಳಿದ.

ದುಭಾಷಿ ಅಂಬಿಗನಿಗೆ ಆ ಪ್ರಶ್ನೆ ಕೇಳಲಿಲ್ಲ. "ದೋಣಿ ಯಾಕ ಬಿಟ್ಟಿ ಅಂತ ಕೇಳ್ತಾರ," ಎಂದ.

ಅಂಬಿಗ ಕೈ ಮುಗಿದುಕೊಂಡು ಹೇಳಿದ: "ನಾ ಹಗ್ಗ ಹಿಡಕೊಂಡು ನಿಂತಿದ್ನಿ. ದೊರಿ ಬಿಡು ಅಂದ್ರು ಅಂತ ರಾಯರು ಹೇಳಿದ್ರು. ಕೇಳಿ ನೋಡ್ರಿ ಅಂದ್ನಿ. ಬಿಡು ಅಂದ್ರು, ಬಿಟ್ನಿ. ಇದನ್ನ ಇದ್ದಂಗ ಹೇಳ್ರಿ ರಾಯರ."

ದುಭಾಷಿ ಇಂಗ್ಲಿಷಿನಲ್ಲಿ ಹೇಳಿದ: "ಆಜ್ಞೆ ಕೇಳಿಸಿತು ಎನ್ನುತ್ತಾನೆ. ಮನೆಗೆ ಹೋಗಬೇಕೆಂದು ಜನ ಅವಸರ ಮಾಡಿದರು, ಅದಕ್ಕೆ ಬಿಟ್ಟೆ ಎನ್ನುತ್ತಾನೆ."

ಹೇಳುವಾಗ ಅವನು ತನಗೆ ತಾನೇ ಸಮಾಧಾನ ಮಾಡಿಕೊಂಡ. ಜನ ಅವಸರ ಮಾಡಿದ್ದು ಸುಳ್ಳಲ್ಲವಲ್ಲ. ಇವತ್ತು ಈ ಗಳಿಗೆ ದಾಟಲಿ. ಮುಂದೆ ಸಮಯ ನೋಡಿ ದೊರೆಯ ಹತ್ತಿರ ತಾನೇ ಮಾತಾಡಿ ಇವನನ್ನು ಬಿಡಿಸಿದರಾಯಿತು. ಹೀಗೆಲ್ಲ ಯೋಚಿಸಿದ. ಅವನು ಬಹಳ ಹೊತ್ತು ಇಂಗ್ಲಿಷಿನಲ್ಲಿ ಮಾತಾಡುವುದನ್ನು ನೋಡಿ ಅಂಬಿಗನ ಮುಖ ಸ್ವಲ್ಪ ಹಗುರಾಯಿತು. ರಾಯರು ತನ್ನ ಪರವಾಗಿ ಎಲ್ಲವನ್ನೂ ಬಿಡಿಸಿ ಹೇಳುತ್ತಿದ್ದಾರೆ ಎಂದುಕೊಂಡು ನಡುನಡುವೆ ಹೌದು ಹೌದು ಎಂದು ತಲೆಯಾಡಿಸಿದ. ಆ ತಲೆಯಾಡಿಸುವಿಕೆಯನ್ನು ನ್ಯಾಯ ನೋಡುವ ದೊರೆ ಕಂಡ. ಬದುಕಿ ಉಳಿದ ಮುದುಕನ ಮಾತೂ, ಬಸುರಿಯ ಮಾತೂ ದುಭಾಷಿಯ ಬಾಯಿಂದಲೇ ದಾಟಬೇಕಿತ್ತು. ಅವೂ ಅದೇ ದಾರಿಯಲ್ಲಿ ದಾಟಿದವು.

ಅಂಬಿಗನಿಗೆ ಬೇಡಿ ಹಾಕಿ ಹತ್ತು ವರ್ಷ ಕಲ್ಲು ಒಡೆಸುವ ಶಿಕ್ಷೆಯಾಯಿತು. ಅದನ್ನು ಕನ್ನಡದಲ್ಲಿ ಹೇಳುವ ಕೆಲಸವೂ ದುಭಾಷಿಯದೇ.

ಅಂಬಿಗ ಕೇಳಿದ: "ಖರೆ ಹೇಳಿದ ಮ್ಯಾಲೂ?"

"ಹೂಂ," ಎಂದ ದುಭಾಷಿ. "ದೊರೆಗಳ ನ್ಯಾಯ ಹಂಗ."

ಅಂಬಿಗ ಅವನಿಗೆ ಕೈ ಮುಗಿದು ಸಿಪಾಯಿಗಳ ಹಿಂದೆ ಹೋದ.

ಆಚೆ ದಡದ ಊರುಗಳಲ್ಲಿ ಸತ್ತವರ ಮನೆಯವರು ಅಂಬಿಗನ ಹೆಂಡತಿಯ ಜೊತೆ ಮಾತು ಬಿಟ್ಟರು. ಬಾವಿಯ ಹತ್ತಿರ ಅವಳು ಬಂದರೆ ಉಳಿದವರು ಕೊಡ ಎತ್ತಿಕೊಂಡು ಹೋಗುತ್ತಿದ್ದರು. ಅವಳ ಗಂಡ ದೊರೆಯ ಮಾತು ಮೀರಿ ನಮ್ಮವರನ್ನು ನೀರಿಗೆ ಹಾಕಿದ ಎಂಬ ಸುದ್ದಿ ಎಲ್ಲ ಕಡೆ ಹರಡಿತ್ತು. ಮುದುಕನೂ ಬಸುರಿಯೂ ಹಾಗಲ್ಲ ಎಂದು ಹೇಳಿ ನೋಡಿದರು. ವಿಚಾರಣೆಯಲ್ಲೇ ತೀರ್ಮಾನವಾದದ್ದನ್ನು ಇವರೇನು ಹೇಳುವುದು ಎಂದು ಯಾರೂ ಕೇಳಿಸಿಕೊಳ್ಳಲಿಲ್ಲ.

ಕೆಲವು ವಾರ ಕಳೆದವು. ಒಂದು ದಿನ ಸೇತುವೆಯ ದೊರೆ ಕೆಲಸದ ನಡುವೆ, ಆ ಅಂಬಿಗ ಜೈಲಿನಲ್ಲಿ ಫಾಸ್ಟ್ ಮಾಡುತ್ತಿದ್ದಾನಂತೆ ಎಂದ.

ಆ ಮಾತು ಕಿವಿಗೆ ಬಿದ್ದ ಕೂಡಲೇ ದುಭಾಷಿ ಕೈಯ ಕೆಲಸ ಬಿಟ್ಟು ತಿರುಗಿದ. ಅಂಬಿಗನನ್ನು ಕಟ್ಟಿಹಾಕಿದ್ದಾರೆ ಎಂದೋ, ಅವನು ತಪ್ಪಿಸಿಕೊಂಡು ಓಡುತ್ತಿದ್ದಾನೆ ಎಂದೋ? ಈ ಸಲ ಅವನು ಕೇಳಿದ. "ತಮ್ಮ ಮಾತು ನನಗೆ ತಿಳಿಯಲಿಲ್ಲ. ಇಲ್ಲಿ ಆ ಮಾತಿಗೆ ಏನರ್ಥ?"

ದೊರೆ ರೇಗಲಿಲ್ಲ. ಒಂದು ಕಲ್ಲಿನ ಮೇಲೆ ಕೂತು, ಉಪವಾಸ ಎಂಬ ಅರ್ಥವನ್ನು ಕೈಸನ್ನೆ ಮಾಡಿ ತಿಳಿಸಿದ. ಬಹಳ ಹಳೆಯ ಮಾತು ಇದು ಎಂದ. ಗಟ್ಟಿಯಾಗಿ ನಿಂತದ್ದಕ್ಕೂ ಅದೇ ಮಾತು, ನಿಲ್ಲದೆ ಓಡುವುದಕ್ಕೂ ಅದೇ ಮಾತು, ಅನ್ನ ಮುಟ್ಟದೆ ಮನಸ್ಸು ಬಿಗಿಹಿಡಿದವನಿಗೂ ಅದೇ, ಎಚ್ಚರವಿಲ್ಲದ ನಿದ್ದೆಗೂ ಅದೇ, ಮಾಸದ ಬಣ್ಣಕ್ಕೂ ಅದೇ ಎಂದ. ತನ್ನ ಭಾಷೆಯ ಬಗ್ಗೆ ಮಾತಾಡುವುದು ಅವನಿಗೆ ಖುಷಿಯಾಗಿತ್ತು. "ನಿನ್ನ ಹಾಗೆ ಕೇಳಿ ತಿಳಿದುಕೊಳ್ಳುವವರು ಕಡಿಮೆ," ಎಂದು ದುಭಾಷಿಯ ಬೆನ್ನು ತಟ್ಟಿದ. ಆಮೇಲೆ, "ಅವನ ಭಾಷೆ ಬಲ್ಲವನು ನೀನು. ಹೋಗಿ ಅವನಿಗೆ ಉಣ್ಣಲು ಹೇಳು," ಎಂದು ಕಳಿಸಿದ.

ಜೈಲಿನಲ್ಲಿ ಅಂಬಿಗ ಗೋಡೆಗೆ ಒರಗಿ ಕೂತಿದ್ದ. ತೋಳಿನ ಮೂಳೆಗಳು ಕಾಣುತ್ತಿದ್ದವು. ದುಭಾಷಿಯನ್ನು ನೋಡಿ ಏಳಲು ಹೋದ, ಆಗಲಿಲ್ಲ.

"ಯಾಕ ಉಣವಲ್ಲಿ?" ಎಂದು ದುಭಾಷಿ ಕೇಳಿದ.

"ಹಟಾ ಏನಿಲ್ಲ ರಾಯರ. ತುತ್ತು ಎತ್ತಿದ್ರ ತಂಗಿ ಮಾರಿ ಕಾಣತೈತಿ," ಎಂದ ಅಂಬಿಗ. ಸ್ವಲ್ಪ ಹೊತ್ತು ಉಸಿರು ಎಳೆದುಕೊಂಡು ಮತ್ತೆ ಹೇಳಿದ: "ನಾ ಅವತ್ತು ಹೇಳಿದ್ದು ದೊರಿಗೆ ಸರಿಯಾಗಿ ಮುಟ್ಟಿಲ್ಲ ಅಂತ ಕಾಣತೈತಿ. ಇನ್ನೊಂದ್ಸಲ ಹೇಳಿ ನೋಡ್ರಿ. ನಿಮ್ಮನ್ನ ಬಿಟ್ರ ನನ್ನ ಮಾತು ಹೇಳಾವ್ರು ಯಾರದಾರ?"

"ಹೇಳ್ತೀನಿ," ಎಂದ ದುಭಾಷಿ.

ಆ ಗಳಿಗೆಯಲ್ಲಿ ಅವನು ಅದನ್ನು ಮನಸ್ಸಿಟ್ಟೇ ಹೇಳಿದ. ಜೈಲಿನಿಂದ ಹೊರಟು ನೆಟ್ಟಗೆ ದೊರೆಯ ಬಂಗಲೆಗೆ ನಡೆದ. ದಾರಿಯುದ್ದಕ್ಕೂ ಹೇಳಬೇಕಾದ ಮಾತುಗಳನ್ನು ಇಂಗ್ಲಿಷಿನಲ್ಲಿ ಜೋಡಿಸಿಕೊಂಡ. ತಪ್ಪು ನನ್ನದು. ಅವನು ಕೇಳಿ ನೋಡಿ ಅಂದಿದ್ದ. ನಾನು ಕೇಳಲಿಲ್ಲ. ಇಷ್ಟೇ. ಕಷ್ಟದ ಪದ ಒಂದೂ ಇರಲಿಲ್ಲ.

ಮಧ್ಯಾಹ್ನದ ಹೊತ್ತು. ಬಾಗಿಲಲ್ಲಿದ್ದ ಆಳು, ದೊರೆಗಳು ಮಲಗಿದ್ದಾರೆ, ಗಾಢ ನಿದ್ದೆ, ಎಬ್ಬಿಸುವಂತಿಲ್ಲ ಎಂದ. ದುಭಾಷಿ ಹೊರಗಿನ ಕಟ್ಟೆಯ ಮೇಲೆ ಕೂತ. ಕೂತಲ್ಲಿ ಅವನಿಗೆ ಮನೆ ನೆನಪಾಯಿತು. ಮದುವೆಯ ವಯಸ್ಸಿಗೆ ಬಂದ ಮಗಳು ನೆನಪಾದಳು. ಜೈಲಿನಲ್ಲಿ ಕಂಡ ಮೂಳೆಗಳು ನೆನಪಾದವು. ಅವು ಈಗ ತನ್ನ ಮೈಯಲ್ಲಿದ್ದ ಹಾಗೆ ಕಂಡವು. ದೊರೆ ಏಳುವ ಮೊದಲೇ ಅವನು ಎದ್ದು ಮನೆಗೆ ಹೋದ. ನಾಳೆ ಹೇಳಿದರಾಯಿತು ಎಂದುಕೊಂಡ. ನಾಳೆಯೂ ಹಾಗೆಯೇ ಅಂದುಕೊಂಡ. ದೊರೆ ಕೇಳಿದಾಗ, ಉಣ್ಣಲು ಹೇಳಿದ್ದೇನೆ, ಉಣ್ಣುತ್ತಾನೆ ಎಂದ.

ಮಳೆಗಾಲ ಮುಗಿದು ನದಿಯ ನೀರು ಇಳಿಯುವುದರೊಳಗೆ ಅಂಬಿಗ ಸತ್ತ.

ಅವನ ಹೆಂಡತಿ ಹಂಪವ್ವ ಹೊಳೆ ದಾಟಿ ದುಭಾಷಿಯ ಮನೆಗೆ ಬಂದಳು. ಒಳಗೆ ಬರಲಿಲ್ಲ, ಅಂಗಳದಲ್ಲೇ ನಿಂತಳು. ಕೊನೆಗೆ ಗಂಡನ ಜೊತೆ ಮಾತಾಡಿದವರು ರಾಯರು ಎಂದು ಅವಳಿಗೆ ಯಾರೋ ಹೇಳಿದ್ದರು.

"ನನಗೇನೂ ಬ್ಯಾಡ್ರಿ ಯಪ್ಪಾ," ಎಂದಳು. "ಅವ ಏನಾರ ಹೇಳಿ ಕಳಿಸ್ಯಾನೇನು? ಅಷ್ಟು ಹೇಳ್ರಿ."

ಅವಳಿಗೂ ಅವನಿಗೂ ನಡುವೆ ಯಾವ ದೊರೆಯೂ ಇರಲಿಲ್ಲ. ದುಭಾಷಿ ಅವಳ ಕಾಲಿನ ಹತ್ತಿರದ ನೆಲವನ್ನು ನೋಡಿದ.

"ಏನೂ ಹೇಳಲಿಲ್ಲವ್ವಾ. ಸುಮ್ಮನಿದ್ದ," ಎಂದ.

"ಸುಮ್ಮನಿದ್ನ?" ಎಂದಳು ಅವಳು. "ಅವ ಹೆಂಗ ಸುಮ್ಮನಿದ್ದಾನು?" ಸೆರಗು ತಲೆಯ ಮೇಲೆ ಎಳೆದುಕೊಂಡು ಹೋದಳು. ಆಮೇಲೆ ಅವಳು ಆ ಊರು ಬಿಟ್ಟಳು. ಎಲ್ಲಿಗೆ ಹೋದಳೋ ಯಾರೂ ವಿಚಾರಿಸಲಿಲ್ಲ.

ಸೇತುವೆ ಮುಗಿಯಿತು. ದೊರೆ ತನ್ನ ದೇಶಕ್ಕೆ ಹೋಗುವಾಗ ದುಭಾಷಿಯನ್ನು ಮೇಲಿನವರಿಗೆ ಹೊಗಳಿ ಹೇಳಿದ. ದುಭಾಷಿಗೆ ದೊಡ್ಡ ಕಚೇರಿಯಲ್ಲಿ ಕೆಲಸವಾಯಿತು. ಮಗಳ ಮದುವೆ ಚೆನ್ನಾಗಿ ಆಯಿತು. ವಯಸ್ಸಾದ ಮೇಲೆ ಇಂಗ್ಲಿಷ್ ಕಲಿಯುವವರು ದೂರದಿಂದ ಅವನನ್ನು ಹುಡುಕಿಕೊಂಡು ಬರುತ್ತಿದ್ದರು. ಬಂದವರಿಗೆಲ್ಲ ಅವನು ಫಾಸ್ಟ್ ಎಂಬ ಒಂದು ಮಾತನ್ನು ಹಿಡಿದು ಬಹಳ ಹೊತ್ತು ಪಾಠ ಹೇಳುತ್ತಿದ್ದ. ಎಲ್ಲಿ ಅದಕ್ಕೆ ಓಟದ ಅರ್ಥ, ಎಲ್ಲಿ ಗಂಟಿನ ಅರ್ಥ, ಎಲ್ಲಿ ಉಪವಾಸದ ಅರ್ಥ ಎಂದು ಒಂದೊಂದಕ್ಕೂ ವಾಕ್ಯ ಕಟ್ಟಿ ತೋರಿಸುತ್ತಿದ್ದ. ಒಂದು ಮಾತಿನಲ್ಲಿ ಇಷ್ಟೊಂದು ಇದೆಯೇ ಎಂದು ಕೇಳಿದವರು ಬೆರಗಾಗುತ್ತಿದ್ದರು. ತಿಳಿಯದಿದ್ದರೆ ಇನ್ನೊಮ್ಮೆ ಕೇಳಿ, ನಾಚಿಕೊಳ್ಳಬೇಡಿ ಎಂದು ಅವನು ಎಲ್ಲರಿಗೂ ಹೇಳುತ್ತಿದ್ದ. ಅದು ಒಳ್ಳೆಯ ಪಾಠವೇ ಆಗಿತ್ತು. ಎಲ್ಲರ ಗೌರವ ಪಡೆದು, ತುಂಬು ವಯಸ್ಸಿನಲ್ಲಿ, ತನ್ನ ಮನೆಯಲ್ಲೇ ಸತ್ತ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ತನ್ನ ಪ್ರಶ್ನೆಗೆ ಉತ್ತರ ಸಿಕ್ಕವನ ಹಾಗೆ ಹೇಳಿದ: "ಹಾಗಾದರೆ ದೋಷ ಆ ಮಾತಿನದೇ, ಗುರುಗಳೇ. ಒಂದಕ್ಕೊಂದು ತಾಳೆಯಾಗದ ಅಷ್ಟು ಅರ್ಥಗಳನ್ನು ಅದು ಹೊಟ್ಟೆಯಲ್ಲಿಟ್ಟುಕೊಂಡಿತ್ತು. ಪಾಪ, ದುಭಾಷಿ ಏನು ಮಾಡಿಯಾನು?"

ಗುರುಗಳು ಕೇಳಿದರು: "ಅಂಬಿಗ ಆಡಿದ ಮಾತಿಗೆ ಎಷ್ಟು ಅರ್ಥಗಳಿದ್ದವಪ್ಪಾ?"